ಕಡಲು ಇಳಿಸಿದ ಕಂಬ

ಬನ್ನಿ, ಇಲ್ಲಿ ಕೂಕಣಿ, ಒಂದು ವೀಳ್ಯದೆಲೆ ಹಾಕಿಕೊಂಡು ಕೇಳಿ. ಕಡಲನ್ನು ಅಳೆಯುವವರು ಇರುವವರೆಗೆ ನಮಗೆ ನಗುವುದಕ್ಕೆ ಕೊರತೆಯಿಲ್ಲ, ಅಳುವುದಕ್ಕೂ ಇಲ್ಲ.

೧

ನನ್ನ ಮೊಮ್ಮಗಳಿಗೆ ಉಪಗ್ರಹದಿಂದ ಕಡಲಿನ ಎತ್ತರ ಅಳೆಯುವ ಕೆಲಸ. ಹಳೆಯ ಉಪಗ್ರಹಕ್ಕೆ ವಯಸ್ಸಾಯಿತೆಂದು ಹೊಸದನ್ನು ಅದರ ಬೆನ್ನಿಗೇ ಬಿಟ್ಟರಂತೆ. ಕೆಲವು ತಿಂಗಳು ಎರಡೂ ಒಂದೇ ಕಡಲನ್ನು ನೋಡುತ್ತವಂತೆ.

"ಒಂದಿದ್ರೆ ಸಾಕಲ್ದಾ?" ಅಂದೆ.

"ಎರಡೂ ಒಂದೇ ಲೆಕ್ಕ ಹೇಳುದಿಲ್ಲೆ ಅಜ್ಜಿ. ಎಷ್ಟು ವ್ಯತ್ಯಾಸ ಅಂತ ಮೊದ್ಲೇ ಗೊತ್ತಾಗ್ಬೇಕ್. ಇಲ್ದಿದ್ರೆ ಏರಿದ್ದು ಕಡಲಾ, ಬದಲಾದ್ದು ಉಪಗ್ರಹವಾ, ಹೇಳುದ್ ಹ್ಯಾಂಗೆ?"

"ಅತ್ತೆ ಸೊಸೆ ಒಂದೇ ಒಲೆ ಎದುರು ನಿಂತ ಹಾಂಗೆ!"

"ಹೌದ್. ಅವರ ಜಗಳ ಬರೆದಿಡುದೇ ನನ್ನ ಕೆಲ್ಸ."

ಅದಕ್ಕೂ ಸಂಬಳವಂತೆ. ನಮ್ಮ ಕೇರಿಯಲ್ಲಿ ಎಷ್ಟು ಜನ ಪುಕ್ಕಟೆ ದುಡಿದರೋ!

೨

ಉಪಗ್ರಹದ ಲೆಕ್ಕವನ್ನು ತಾಳೆ ನೋಡಲು ಗಂಗೊಳ್ಳಿಯ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ಒಂದು ಅಳತೆಯ ಕಂಬವಿತ್ತು. ದೊಡ್ಡವರು ಬರುತ್ತಾರೆಂದು ಅಧಿಕಾರಿಯೊಬ್ಬರು ತುಕ್ಕು ಹಿಡಿದ ಆ ಕಂಬವನ್ನು ಕೀಳಿಸಿ ಹೊಸದೊಂದನ್ನು ತರಿಸಿದರು.

ಮೊಮ್ಮಗಳು ಫೋನಿನಲ್ಲಿ ಬೊಬ್ಬೆ ಹೊಡೆದಳು: "ಸ್ವಲ್ಪ ದಿನ ಎರಡೂ ಕಂಬ ಒಟ್ಟಿಗೆ ನಿಲ್ಲಬೇಕು ಸಾರ್!"

"ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಕಣಮ್ಮ," ಅಂದರು.

ಹೊಸ ಕಂಬವನ್ನು ಎಲ್ಲರಿಗೂ ಕಾಣಲೆಂದು ದಡದ ಕಟ್ಟೆಯ ಮೇಲಿನ ಮೆಟ್ಟಿಲಿಗೆ ನೆಟ್ಟು, ಹಾರ ಹಾಕಿ, ಕಾಯಿ ಒಡೆದರು. ಮರುದಿನ ನೋಡಿದರೆ, ಕಂಬ ಏರಿದಷ್ಟೇ, ಕಾಗದದಲ್ಲಿ ಕಡಲು ಮೊಣಕಾಲುದ್ದ ಇಳಿದಿತ್ತು!

ಮೀನು ಮಾರುವ ನಮ್ಮ ನೆರೆಯವಳು ಕೂಗಿದಳು: "ಹ್ವಾಯ್, ಇನ್ನೊಂದ್ ಕಾಯಿ ಒಡೀರಿ! ದುಬೈಗೆ ನಡ್ಕಂಡೇ ಹೋಪ!"

೩

ನಮ್ಮ ಮನೆಯೆದುರು ಕಲ್ಲಿನ ತಡೆಗೋಡೆ ಆಗಬೇಕಿತ್ತು. ಅದು ಆಗದೆ ಮನೆ ಉಳಿಯುವಂತಿರಲಿಲ್ಲ. ಅದೇ ಅಧಿಕಾರಿ ಭರತದಲ್ಲಿ ಕಡಲು ಉಕ್ಕುವ ಹೊತ್ತಿಗೆ ಬಂದು ನನ್ನ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕಾಲು ಎತ್ತಿ ಕೂತರು.

"ಕಡಲು ಇಳಿದಿದೆ ಅಜ್ಜಿ. ಗೋಡೆ ಬೇಡ."

"ಹಾಂಗಾರೆ ಕಾಲ್ ಕೆಳಗೆ ಬಿಡಿ ಮಾರಾಯ್ರೆ."

"ನೀರಿದೆಯಲ್ಲ!"

"ಉಪಗ್ರಹ ಕಡಲು ಏರಿತ್ತ್ ಅಂತ್ ಹೇಳ್ತತ್ತಲ್ದಾ?"

"ಅದು ಹಾರುವ ಲೆಕ್ಕ. ನಮ್ಮದು ನೆಟ್ಟ ಲೆಕ್ಕ." ತೇಲಿ ಹೋಗುತ್ತಿದ್ದ ಚಪ್ಪಲಿಯನ್ನು ಕೊಡೆಯಿಂದ ಎಳೆದುಕೊಳ್ಳುತ್ತ ಅಂದರು, "ಕಡಲು ಏರಿಲ್ಲ, ನಿಮ್ಮ ಮನೆ ತಗ್ಗಿದೆ. ಅದಕ್ಕೆ ಬೇರೆ ಇಲಾಖೆ."

ಆಮೇಲೆ? ಅವರಿಗೆ ಬಡ್ತಿ ಸಿಕ್ಕಿ ಕಡಲೇ ಇಲ್ಲದ ಊರಿಗೆ ವರ್ಗವಾಯಿತು. ನೆರೆಯವಳು ಶಿರೂರಿನ ತಮ್ಮನ ಮನೆ ಸೇರಿದಳು. ಹಳೆಯ ಉಪಗ್ರಹ ಹೊಸದಕ್ಕೆ ಲೆಕ್ಕ ಒಪ್ಪಿಸಿ ಬದಿಗೆ ಸರಿಯಿತು. ಕಡಲು ಏರಿದೆ ಎಂದು ಮೊಮ್ಮಗಳು ಈಗಲೂ ಹೇಳುತ್ತಲೇ ಇದ್ದಾಳೆ. ನಾನು ಬ್ರಹ್ಮಾವರದಲ್ಲಿ ಮಗಳ ಜೊತೆಗಿದ್ದೇನೆ.

ಮಳೆಗಾಲ ಕಳೆದ ಮೇಲೆ ಆ ಬೇರೆ ಇಲಾಖೆಯವರೂ ನನ್ನನ್ನು ಹುಡುಕಿಕೊಂಡು ಬಂದರು. "ಅಜ್ಜಿ, ತಗ್ಗಿದ ಮನೆ ಎಲ್ಲಿ?" ಎಂದು ಕೇಳಿದರು.

ಗಂಗೊಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದೆ: "ಅಲ್ ಕಾಣಿ, ದೋಣಿ ಹೋತಾ ಇತ್ತಲ್ದಾ, ಅದರ ಅಡಿಯಲ್ಲಿ."