ಕ್ಯಾರಲ್ ಹಾಡಿಗೆ ನಾನು ಹಾಕಿದ ಢೋಲಕ್

ಆಯುಷ್ಯವಿಡೀ ಒಂದೇ ಕಸುಬು ಮಾಡಿದ ಮನುಷ್ಯನಿಗೆ ವಯಸ್ಸಾದ ಮೇಲೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರೂ ಕೇಳದಿದ್ದರೂ ಎಲ್ಲವನ್ನೂ ಸರಿಮಾಡುವ ಚಟ. ನಮ್ಮ ಅಜ್ಜಂಪುರದಲ್ಲಿ ಅಡುಗೆ ಕೆಲಸ ಬಿಟ್ಟು ಎಷ್ಟೋ ವರ್ಷವಾದ ಒಬ್ಬರಿದ್ದಾರೆ. ಯಾರ ಮನೆಗೆ ಊಟಕ್ಕೆ ಕರೆದರೂ ಎಲೆಯ ಮುಂದೆ ಕೂರುವ ಮೊದಲು ಒಲೆಯ ಮುಂದೆ ನಿಂತಿರುತ್ತಾರೆ. ಅವರನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಇನ್ನು ನಗುವ ಹಕ್ಕು ನನಗಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದವನೇ ಮೈಕ್‌ಸೆಟ್ ಅಂಗಡಿ ಹಾಕಿದೆ. ಮದುವೆ, ನಾಮಕರಣ, ನಾಟಕ, ಚುನಾವಣೆ, ಎಲ್ಲೆಲ್ಲಿ ಸದ್ದು ಬೇಕೋ ಅಲ್ಲೆಲ್ಲ ನಾನಿದ್ದೆ. ಬೇಡವಾದ ಕಡೆಯೂ ಇದ್ದೆ ಎಂದು ನನ್ನ ಹೆಂಡತಿ ಗಿರಿಜಮ್ಮ ಸೇರಿಸುತ್ತಾಳೆ. ಈಗ ಅಂಗಡಿ ಮುಚ್ಚಿದ್ದೇನೆ. ಆದರೆ ಎರಡು ಒಳ್ಳೆಯ ಮೈಕು, ಒಂದು ಕೀಬೋರ್ಡು, ಒಂದು ಹಳೆಯ ಕಂಪ್ಯೂಟರು ಮನೆಯ ಹಿಂದಿನ ಕೋಣೆಯಲ್ಲಿ ಉಳಿದಿವೆ. ಅವುಗಳ ಜೊತೆ ನನ್ನೊಬ್ಬನನ್ನೇ ಬಿಡಬಾರದಿತ್ತು.

ಪಕ್ಕದ ಮನೆಯ ಫಿಲೋಮಿನಾ ಟೀಚರ್ ಡಿಸೆಂಬರ್ ಮೊದಲ ವಾರ ಬಂದರು. "ಬಸಣ್ಣೋರೇ, ನಮ್ಮ ಕ್ಯಾರಲ್ ಹಾಡು ನಾಲ್ಕು ರೆಕಾರ್ಡ್ ಮಾಡ್ಕೊಡ್ತೀರಾ?" ಎಂದರು. ಕ್ರಿಸ್‌ಮಸ್ ಬಂತೆಂದರೆ ಅವರು ಐದು ಜನ ಸೇರಿ ಕಡೂರು, ತರೀಕೆರೆ ಎಂದು ಮನೆಮನೆಗೆ ಹೋಗಿ ಹಾಡುವುದು ನನಗೆ ಗೊತ್ತಿತ್ತು. ಐವರಲ್ಲಿ ಒಬ್ಬರಾಗಿ, ಉಳಿದ ನಾಲ್ವರಿಗೂ ಗುರುವಾದವರು ಟೀಚರ ಅಕ್ಕ ಸಿಸಿಲಿಯಾ, ಕಡೂರಿನವರು. ಆ ವರ್ಷ ಸಿಸಿಲಿಯಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದರು. "ಅಕ್ಕ ಒಂದೇ ಆಸೆ ಹೇಳಿದ್ದಾಳೆ ಕಣ್ರೀ. ಇಷ್ಟು ವರ್ಷ ಗುಂಪಿನ ಒಳಗೆ ನಿಂತು ಹಾಡಿದೀನಿ, ಒಂದು ಸಲನೂ ಹೊರಗೆ ಕೂತು ಕೇಳಿಲ್ಲ, ಈ ಸಲ ಕೇಳ್ಬೇಕು ಅಂತ."

"ಅದಕ್ಕೇನಂತೆ, ವಾದ್ಯದೋರು ಯಾವಾಗ ಬತ್ತಾರೆ?" ಎಂದೆ.

"ವಾದ್ಯ ಇಲ್ಲ. ಬರೀ ಬಾಯಿ."

ಪಾಪ, ನುಡಿಸುವವರು ಯಾರೂ ಸಿಕ್ಕಿಲ್ಲ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ನಾಲ್ವರೂ ಬಂದರು. ಟೀಚರದು ಮೇಲಿನ ದನಿ, ಆಸ್ಪತ್ರೆಯ ನರ್ಸಮ್ಮನದು ಅದರ ಕೆಳಗಿನದು, ಬೇಕರಿಯವರದು ಅದಕ್ಕೂ ಕೆಳಗೆ. ಎಲ್ಲಕ್ಕಿಂತ ತಳದಲ್ಲಿ ಟೀಚರ ಯಜಮಾನರು ಜೋಸೆಫಣ್ಣ. ರೈಲ್ವೆ ಗೇಟು ಕಾಯ್ದು ನಿವೃತ್ತರಾದವರು. ಅವರು ಮಾತಾಡಿದರೆ ನಮ್ಮ ಅಡುಗೆಮನೆಯ ಡಬ್ಬದ ಮುಚ್ಚಳ ಅದುರುತ್ತದೆ. ಹಾಡಿದರು, ಕಾಫಿ ಕುಡಿದರು, ಹೋದರು. ನಾನು ಕೂತು ಕೇಳಿದೆ. ಸಾಲು ಮುಗಿದಲ್ಲಿ ನಾಲ್ವರೂ ಒಟ್ಟಿಗೆ ನಿಲ್ಲುತ್ತಾರೆ, ಎರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮೈಕ್‌ಸೆಟ್ ಕಸುಬಿನಲ್ಲಿ ಏನೂ ಕೇಳಿಸದಿದ್ದರೆ ಅದಕ್ಕೆ ಒಂದೇ ಅರ್ಥ, ವೈರು ಕಿತ್ತಿದೆ. ಚಪ್ಪರದಲ್ಲಿರುವ ಅಷ್ಟೂ ಜನ ತಿರುಗಿ ನನ್ನನ್ನೇ ನೋಡುತ್ತಾರೆ. ಆ ಹೆದರಿಕೆ ನನ್ನ ಮೂಳೆಗೆ ಇಳಿದಿದೆ. ಖಾಲಿ ಇದ್ದ ಕಡೆಯೆಲ್ಲ ಕೀಬೋರ್ಡಿನಿಂದ ಒಂದಿಷ್ಟು ಢೋಲಕ್ ತುಂಬಿದೆ. ನಿಂತು ನಿಂತು ಬಂದರೆ ಚೆಂದವಿಲ್ಲ ಎಂದು ಅದನ್ನು ಹಾಡಿನ ಉದ್ದಕ್ಕೂ ಎಳೆದೆ. ಢೋಲಕ್ ಒಂದೇ ಇದ್ದರೆ ಚೆನ್ನಾಗಿರುವುದಿಲ್ಲ ಎಂದು ಪಿಟೀಲು ಸೇರಿಸಿದೆ. ಪಿಟೀಲು ಬಂದ ಮೇಲೆ ಗೆಜ್ಜೆ ಬೇಡವೇ? ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡು ದಿನ ದುಡಿದೆ. ಕೊನೆಗೆ ಕಂಪ್ಯೂಟರು, ಹಳೆಯದನ್ನು ಅಳಿಸಲೇ ಎಂದು ಕೇಳಿತು. ಯಂತ್ರಕ್ಕಿದ್ದ ಅನುಮಾನ ನನಗಿರಲಿಲ್ಲ. ಅಳಿಸು ಎಂದೆ.

"ಅವರು ಕೇಳಿದ್ರಾ ಇದನ್ನೆಲ್ಲ?" ಎಂದಳು ಗಿರಿಜಮ್ಮ.

"ಕೇಳಿ ಮಾಡೋದಲ್ಲ ಕಣೇ, ಮಾಡಿ ಕೇಳಿಸೋದು" ಎಂದೆ. ಈಗ ಈ ಮಾತು ನೆನೆದರೆ ಕಿವಿ ಬಿಸಿಯಾಗುತ್ತದೆ.

ಮುಂದಿನ ಭಾನುವಾರ ಟೀಚರ್, ಜೋಸೆಫಣ್ಣ, ನಾನು ರೈಲು ಹತ್ತಿ ಕಡೂರಿಗೆ ಹೋದೆವು. ಅಚ್ಚರಿಪಡಿಸಬೇಕೆಂದು ದಾರಿಯಲ್ಲಿ ಅವರಿಬ್ಬರಿಗೂ ನಾನು ಹಾಡು ಕೇಳಿಸಲಿಲ್ಲ. ಸಿಸಿಲಿಯಕ್ಕ ತಲೆಗೆ ಎರಡು ದಿಂಬು ಕೊಟ್ಟುಕೊಂಡು, ಇಸ್ತ್ರಿ ಮಾಡಿದ ಸೀರೆಯುಟ್ಟು ಕಾಯುತ್ತಿದ್ದರು. ನನ್ನ ಫೋನಿನಲ್ಲಿ ಹಾಡು ಶುರುವಾಯಿತು. ಅವರು ಕಣ್ಣು ಮುಚ್ಚಿದರು. ಢೋಲಕ್ ಬಂತು. ಕಣ್ಣು ಬಿಟ್ಟರು.

"ಫಿಲ್ಲೂ, ಯಾರದ್ದೇ ಮದುವೆ?" ಎಂದರು.

ಟೀಚರ್ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು, "ಈಗಿನ ಯಂತ್ರಗಳು ಹಂಗೇ ಅಕ್ಕಾ, ತಾವೇ ಸೇರಿಸ್ಕೊಂಡ್ಬಿಡ್ತವೆ" ಎಂದೆ. ಅರವತ್ತು ದಾಟಿದವನು, ಹಣೆಯಲ್ಲಿ ವಿಭೂತಿ ಇಟ್ಟುಕೊಂಡು, ಮಂಚ ಹಿಡಿದ ಹೆಂಗಸಿನ ಮುಂದೆ ಹೇಳಿದ ಸುಳ್ಳು ಅದು. ಅಷ್ಟಕ್ಕೇ ನಿಂತಿದ್ದರೆ ನಾನು ಹಾಗೇ ದಾಟಿಕೊಳ್ಳುತ್ತಿದ್ದೆನೋ ಏನೋ. ಆದರೆ ಮೂಲೆಯಲ್ಲಿದ್ದ ಜೋಸೆಫಣ್ಣ ತಲೆ ತಗ್ಗಿಸಿ, "ನನ್ನ ದನಿ ಎಲ್ಲೂ ಕೇಳಿಸ್ತಿಲ್ಲ. ನಾನು ಸರಿಯಾಗಿ ಹಾಡಿಲ್ಲ ಅಂತ ಕಾಣುತ್ತೆ. ಈ ಸಲ ನನ್ನ ಬಿಟ್ಟು ಮೂರೇ ಜನ ಹಾಡಿ" ಎಂದರು. ಅವರ ದನಿಯ ಮೇಲೆ ಢೋಲಕ್ ಕೂರಿಸಿದವನು ನಾನು. ಎದೆ ತಡೆಯಲಿಲ್ಲ. ಢೋಲಕ್, ಪಿಟೀಲು, ಗೆಜ್ಜೆ, ಅಳಿಸಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡೆ.

ಆಮೇಲೆ ಸಿಸಿಲಿಯಕ್ಕನ ಹೊಟ್ಟೆ ಕುಲುಕತೊಡಗಿತು. "ಅಯ್ಯೋ, ನಗಿಸ್ಬೇಡಿ ಕಣ್ರೀ, ಸೊಂಟ ನೋಯುತ್ತೆ" ಎಂದು ಮಂಚದ ಅಂಚು ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ತೀರ್ಪು ಕೊಟ್ಟರು: ಬುಧವಾರ ಸಂಜೆ ನಾಲ್ವರೂ ಇಲ್ಲೇ ಬಂದು ಹಾಡಬೇಕು, ಟೀಚರ ಫೋನಿನಲ್ಲಿ ರೆಕಾರ್ಡ್ ಆಗಬೇಕು, ನಾನು ಬಂದು ಕೂರಬೇಕು. "ಕೈಕಟ್ಟಿ ಕೂತ್ಕೊಂಡು ಕೇಳಿ. ಅದೇ ನಿಮಗೆ ಶಿಕ್ಷೆ."

ಬುಧವಾರ ನಾನು ಎಲ್ಲರಿಗಿಂತ ಮೊದಲೇ ಹೋಗಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತೆ. ಅವರು ಮಂಚದ ಸುತ್ತ ನಿಂತು ಹಾಡಿದರು. ಅಷ್ಟು ವರ್ಷ ಹಾಡುಗಳ ಪಕ್ಕದಲ್ಲೇ ಕೂತಿದ್ದವನು ನಾನು, ಕಣ್ಣೆಲ್ಲ ಆಂಪ್ಲಿಫೈಯರಿನ ಮುಳ್ಳಿನ ಮೇಲೆ. ತಿರುಗಿಸಲು ಗುಂಡಿಯಿಲ್ಲದೆ ಹಾಡು ಕೇಳಿದ್ದು ಅದೇ ಮೊದಲು. ಮೇಲಿನ ಮೂರು ದನಿಗಳು ಹತ್ತಿ ಹೋಗುವಾಗ ಜೋಸೆಫಣ್ಣ ತಳದಲ್ಲಿ ಒಂದೇ ಸ್ವರ ಹಿಡಿದು ನಿಂತರು. ಮೂರೂ ಅದರ ಮೇಲೆ ಬಂದು ಇಳಿದವು. ಸಿಸಿಲಿಯಕ್ಕನ ಕೆನ್ನೆ ಒದ್ದೆಯಾಗಿತ್ತು, ತುಟಿ ಸುಮ್ಮನಿತ್ತು. ಒಮ್ಮೆಯೂ ಜೊತೆಗೆ ಹಾಡಲಿಲ್ಲ, ಬರೀ ಕೇಳಿದರು. ಆಗ ಯಾರೋ "ಭೇಷ್ ಜೋಸೆಫಣ್ಣಾ!" ಎಂದು ಕೂಗಿದರು. ಹಾಡು ಇನ್ನೂ ಮುಗಿದಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡುತ್ತಲೇ ಉಳಿದ ಸಾಲು ಮುಗಿಸಿದಾಗ ಕೂಗಿದವನು ನಾನೇ ಎಂದು ತಿಳಿಯಿತು.

ಇನ್ನೊಮ್ಮೆ ಹಾಡೋಣವೆಂದರೆ ನರ್ಸಮ್ಮನಿಗೆ ಡ್ಯೂಟಿಯ ಹೊತ್ತಾಗಿತ್ತು. "ಎರಡು ನಿಮಿಷ ಕೊಡಿ ಅಕ್ಕಾ, ನನ್ನ ಕೂಗೊಂದನ್ನ ತೆಗೆದುಬಿಡ್ತೀನಿ" ಎಂದು ಅಂಗಲಾಚಿದೆ.

ಸಿಸಿಲಿಯಕ್ಕ ಫೋನನ್ನು ದಿಂಬಿನ ಕೆಳಗೆ ತಳ್ಳಿದರು. "ನಿಮ್ಮ ಕೈಗೆ ಕೊಟ್ರೆ ಈ ಸಲ ವಾಲಗ ಬರುತ್ತೆ. ಇರ್ಲಿ ಬಿಡಿ."

ಹಾಗೇ ಇದೆ. ಕ್ರಿಸ್‌ಮಸ್ ದಿನ ಅದು ತರೀಕೆರೆಯವರ ಫೋನುಗಳಿಗೆಲ್ಲ ಹೋಯಿತಂತೆ. ಜೋಸೆಫಣ್ಣ ನಡೆಯುವ ಗತ್ತೇ ಬದಲಾಗಿದೆ. ಸಿಸಿಲಿಯಕ್ಕ ದಿನವೂ ಸಂಜೆ ಕೇಳುತ್ತಾರಂತೆ. ನಾನೂ ಒಂದು ಪ್ರತಿ ಕೇಳಿ ಪಡೆದಿದ್ದೇನೆ, ಪಶ್ಚಾತ್ತಾಪಕ್ಕೆಂದು. ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪಶ್ಚಾತ್ತಾಪವೇನೋ ಆಗುತ್ತದೆ. ಆದರೆ ಕಸುಬಿನವನಾಗಿ ಒಂದು ಮಾತು ಹೇಳದಿದ್ದರೆ ಅದೂ ಸುಳ್ಳಾದೀತು: ನಾನು ಫೋನಿನಿಂದ ಅಷ್ಟು ದೂರ, ಬಾಗಿಲ ಬಳಿ ಕೂರಬಾರದಿತ್ತು, ಆ ಭೇಷ್ ಸ್ವಲ್ಪ ಮೆತ್ತಗಾಗಿದೆ.