ಚರ್ಚಿನ ತೊಟ್ಟಿಗೆ ಅಭ್ಯಂಜನ

ಇರಲಾರದವನು ಇರುವೆ ಬಿಟ್ಟುಕೊಂಡ ಎಂಬ ಗಾದೆ ಕಟ್ಟಿದವರು ನನ್ನಂಥವನೊಬ್ಬನ ಪಕ್ಕದ ಮನೆಯಲ್ಲಿ ವಾಸವಿದ್ದಿರಬೇಕು. ನನಗೆ ಕೈಕಟ್ಟಿ ಕೂರಲು ಬರುವುದಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಮೇಜು ಅಲುಗಾಡಿದರೆ ಅದರ ಕಾಲಿನಡಿ ಕಾಗದ ಮಡಚಿಟ್ಟೇ ಎಲೆ ಮುಂದೆ ಕೂರುವವನು ನಾನು. ನನ್ನ ಹೆಂಡತಿ ಸುಮಾ ಇಲ್ಲಿ, ಇಂಗ್ಲೆಂಡಿನಲ್ಲಿ, ಜಿಪಿ, ಅಂದರೆ ಊರವರ ಸಾಮಾನ್ಯ ಕಾಯಿಲೆಗಳನ್ನೆಲ್ಲ ಮೊದಲು ನೋಡುವ ಡಾಕ್ಟರು. ಬಂದ ರೋಗಿಗಳಲ್ಲಿ ಅರ್ಧ ಜನಕ್ಕೆ "ಏನೂ ಮಾಡಬೇಡಿ, ತಾನಾಗಿಯೇ ಸರಿಹೋಗುತ್ತೆ" ಎಂದು ಹೇಳಿ ಸಂಬಳ ತರುವವಳು. ಅದೇ ಔಷಧಿಯನ್ನು ಮನೆಯಲ್ಲಿ ನನಗೂ ಬರೆದುಕೊಡುತ್ತಾಳೆ, ನಾನು ತೆಗೆದುಕೊಳ್ಳುವುದಿಲ್ಲ. ಇನ್ನೂ ನಾಚಿಕೆಯ ಮಾತೆಂದರೆ ನನ್ನ ಉದ್ಯೋಗ. ಬರ್ಚ್‌ವುಡ್‌ನ ಒಂದು ಆಫೀಸಿನಲ್ಲಿ ನಾನು ಸೇಫ್ಟಿ ಇಂಜಿನಿಯರ್. ಅಣುಸ್ಥಾವರದಲ್ಲಿ ಯಾರೂ ಅಪ್ಪಣೆಯಿಲ್ಲದೆ ಒಂದು ಬೋಲ್ಟನ್ನೂ ಮುಟ್ಟದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಊರಿಗೆಲ್ಲ ಬುದ್ಧಿ ಹೇಳುವ ಹಲ್ಲಿ ಹೋಗಿ ತೊಟ್ಟಿಯಲ್ಲಿ ಬಿದ್ದ ಕತೆ ಇದು.

ನಮ್ಮ ಮನೆ ಇರುವುದು ಹಡರ್ಸ್‌ಫೀಲ್ಡ್ ಆಚೆಯ ಗುಡ್ಡದ ಮೇಲಿನ ಒಂದು ಹಳ್ಳಿಯಲ್ಲಿ. ಪಕ್ಕದ ಮನೆ ಡೊರೊಥಿಯವರದು. ಎಂಬತ್ತು ದಾಟಿದ ಅಜ್ಜಿ, ನನ್ನನ್ನು "ಲವ್" ಎಂದು ಕರೆಯುತ್ತಾರೆ. ಈ ಕಡೆ ಬಸ್ ಡ್ರೈವರೂ ಹಾಗೇ ಕರೆಯುತ್ತಾನೆ. ಮೊದಲ ಸಲ ಕರೆದಾಗ ನಾನು ಕೆಂಪಾಗಿ, ಮನೆಗೆ ಬಂದು ಸುಮಾಗೆ ವರದಿ ಒಪ್ಪಿಸಿದ್ದೆ. ಊರಿನ ಚರ್ಚಿನ ಬೀಗದ ಕೈ ಇರುವುದು ಈ ಅಜ್ಜಿಯ ಅಡುಗೆಮನೆಯ ಗೋಡೆಯ ಮೊಳೆಯಲ್ಲಿ. ಚರ್ಚಿನ ಬಾಗಿಲ ಒಳಗೇ ಸೊಂಟದೆತ್ತರದ ಒಂದು ಕಲ್ಲಿನ ತೊಟ್ಟಿಯಿದೆ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವುದು ಅದರಲ್ಲಿ. ಎಂಟೊಂಬತ್ತು ಶತಮಾನ ಹಳೆಯದಂತೆ. ನಾಲ್ಕೂ ಮುಖಕ್ಕೆ ಕೆತ್ತನೆ. ಡೊರೊಥಿಯವರ ತಾಯಿ, ಆಮೇಲೆ ಅವರು, ಆಮೇಲೆ ಅವರ ಮಕ್ಕಳು, ಎಲ್ಲರ ನೆತ್ತಿಗೂ ನೀರು ಬಿದ್ದದ್ದು ಅಲ್ಲೇ. ಸಾಲ್ಫರ್ಡಿನ ಫ್ಲಾಟಿನಲ್ಲಿರುವ ಮೊಮ್ಮಗಳಿಗೆ ಚರ್ಚು ಗಿರ್ಚು ಏನೂ ಬೇಕಿರಲಿಲ್ಲ. ಅಜ್ಜಿ ಕಣ್ಮುಚ್ಚುವ ಮೊದಲು ಇದೊಂದನ್ನು ನೋಡಲಿ ಎಂದು ತನ್ನ ಮಗುವಿನ ದೀಕ್ಷಾಸ್ನಾನಕ್ಕೆ ಒಪ್ಪಿದ್ದಳು. ಭಾನುವಾರಕ್ಕೆ ಗೊತ್ತಾಗಿತ್ತು.

ಶನಿವಾರ ಬೆಳಿಗ್ಗೆ ಡೊರೊಥಿಯವರಿಗೆ ಸೊಂಟ ಹಿಡಿದುಕೊಂಡಿತು. ಚರ್ಚು ಗುಡಿಸಬೇಕಲ್ಲ ಎಂದು ಅವರು ಗೊಣಗುವುದು ಬೇಲಿಯಾಚೆಯಿಂದ ಕೇಳಿಸಿ, ನಾನೇ ಹೋಗುತ್ತೇನೆ ಎಂದೆ. ಅವರು ಬೀಗದ ಕೈ ಕೊಟ್ಟು, ಜೊತೆಗೆ ಮೆತ್ತನೆಯ ಒಂದು ಬ್ರಷ್ ಕೊಟ್ಟು, ತೊಟ್ಟಿಯ ಧೂಳನ್ನು ಇದರಲ್ಲಿ ಹೊಡೆದರೆ ಸಾಕು, ಬೇರೇನೂ ಬೇಡ ಎಂದು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಧೂಳು ಹೊಡೆದೆ. ಕಲ್ಲು ಬೂದಿ ಬಡಿದಂತಿತ್ತು. ಒಂದು ಮುಖದಲ್ಲಿ ದೊಡ್ಡ ಕಣ್ಣಿನವನೊಬ್ಬ ಎರಡೂ ಕೈ ಎತ್ತಿ ನಿಂತಿದ್ದ, ಅವನ ಕಾಲ ಬಳಿ ಬಾಲ ಸುತ್ತಿಕೊಂಡ ಯಾವುದೋ ಮೃಗ. ಮಂಕು ಬೆಳಕಿನಲ್ಲಿ ಮೂಗು ಯಾವುದು, ಬಾಯಿ ಯಾವುದು ತಿಳಿಯದು. ಪಾಪ, ಇವರಿಗೆ ಕಲ್ಲು ನೋಡಿಕೊಳ್ಳಲು ಬರುವುದಿಲ್ಲ ಅಂದುಕೊಂಡೆ. ಹಾಸನದ ಕಡೆ ನಮ್ಮ ದೊಡ್ಡಪ್ಪ ಅರ್ಚಕರಾಗಿದ್ದರು. ವಾರಕ್ಕೊಮ್ಮೆ ಮೂರ್ತಿಗೆ ಎಳ್ಳೆಣ್ಣೆ ತಿಕ್ಕಿದರೆ ದೇವರ ಕಾಲ್ಬೆರಳಿನ ಉಗುರೂ ಎಣಿಸುವ ಹಾಗೆ ಕಾಣುತ್ತಿತ್ತು. ನಾನು ಸೀದಾ ಮನೆಗೆ ಬಂದು, ಸುಮಾ ಉಪ್ಪಿನಕಾಯಿಗೆಂದು ಮುಚ್ಚಿಟ್ಟಿದ್ದ ಎಳ್ಳೆಣ್ಣೆಯ ಸೀಸೆ ತೆಗೆದುಕೊಂಡು ಹೋದೆ.

ಸುಳ್ಳು ಹೇಳಬಾರದು, ಎಣ್ಣೆ ಬಿದ್ದ ಕೂಡಲೇ ಆ ಮನುಷ್ಯ ಕಣ್ಣು ಬಿಟ್ಟ. ಮೃಗಕ್ಕೆ ಕಿವಿ ಬಂತು, ಹಲ್ಲು ಬಂತು. ನಾನು ಹಿಗ್ಗಿಹೋಗಿ ಫೋಟೊ ತೆಗೆದು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೈಸೂರಿನ ಸೋದರತ್ತೆ, ಯಾವ ದೇವರಪ್ಪ ಇದು, ಕುಂಕುಮ ಯಾಕೆ ಇಟ್ಟಿಲ್ಲ ಎಂದು ಕೇಳಿದರು. ಆ ಸಲಹೆ ನನ್ನ ಕಣ್ಣಿಗೆ ಬಿದ್ದದ್ದು ಎಲ್ಲ ಮುಗಿದ ಮೇಲೆ, ಅರ್ಧ ಗಂಟೆ ಮೊದಲೇ ಬಿದ್ದಿದ್ದರೆ ಏನಾಗುತ್ತಿತ್ತೋ.

ಇನ್ನೊಂದು ಮುಖಕ್ಕೆ ಹೋಗುವ ಮೊದಲು ಹೆಚ್ಚಾದ ಎಣ್ಣೆ ಒರೆಸೋಣ ಎಂದು ಬಟ್ಟೆ ತೆಗೆದರೆ ಒರೆಸಲು ಎಣ್ಣೆಯೇ ಇರಲಿಲ್ಲ. ದೊಡ್ಡಪ್ಪನ ದೇವರು ಬಳಪದ ಕಲ್ಲು, ಇದು ಮರಳುಗಲ್ಲು ಎಂಬುದು ಆಗ ಹೊಳೆಯಿತು. ಹೊಸ ಮಣ್ಣಿನ ಹೆಂಚಿನ ಹಾಗೆ ಎಲ್ಲವನ್ನೂ ಕುಡಿದು, ಆ ಮುಖವೊಂದು ಕಪ್ಪಗೆ, ಉಳಿದ ಮೂರು ಬೆಳ್ಳಗೆ ನಿಂತಿದ್ದವು. ಸುಮಾಗೆ ಫೋನ್ ಮಾಡಿದೆ. ಅವಳು, "ಅಭ್ಯಂಜನ ಆಯ್ತಲ್ಲ, ಇನ್ನು ಕಡಲೆಹಿಟ್ಟು ಹಚ್ಚಿ ನೀರು ಹಾಕಿಬಿಡಿ" ಅಂದಳು.

ಅದು ಕುಹಕ ಎಂದು ಯಾರಿಗಾದರೂ ತಿಳಿಯುತ್ತದೆ. ಕೈಕಾಲು ಆಡದವನಿಗೆ ತಿಳಿಯುವುದಿಲ್ಲ. ಓಡಿಹೋಗಿ ಕಡಲೆಹಿಟ್ಟು ತಂದು, ಕಲಸಿ ಹಚ್ಚಿದೆ. ಎಣ್ಣೆ ಕದಲಲಿಲ್ಲ. ಹಿಟ್ಟು ಮಾತ್ರ ಮೃಗದ ಕಿವಿ, ಹಲ್ಲಿನ ಸಂದಿಯಲ್ಲೆಲ್ಲ ಹೋಗಿ ಕೂತು, ಅದು ಈಗಷ್ಟೇ ಬಜ್ಜಿ ತಿಂದೆದ್ದ ಹಾಗೆ ಕಾಣತೊಡಗಿತು.

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದು. ನಾನಿನ್ನೂ ಬರಲಿಲ್ಲವೆಂದು ಡೊರೊಥಿಯವರೇ ಸೊಂಟ ಹಿಡಿದುಕೊಂಡು ಬಂದಿದ್ದರು. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ನಡೆದದ್ದನ್ನು ತೊದಲುತ್ತ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕಪ್ಪಾದ ಮುಖದ ಮೇಲೆ ಅಂಗೈ ಇಟ್ಟು ನಿಂತರು.

"ಬ್ರಷ್ ಕೊಟ್ಟಿದ್ದೆನಲ್ಲ, ಲವ್" ಅಂದರು.

ಅಷ್ಟೇ. ನಮ್ಮ ಕಡೆಯಾಗಿದ್ದರೆ ನಾಲ್ಕು ಜನ ಸೇರಿ ವಂಶವನ್ನೆಲ್ಲ ಜಾಲಾಡಿ, ಕೊನೆಗೆ ಯಾರೋ ಒಬ್ಬರು ಕಾಫಿ ಕೊಟ್ಟು ಕಳಿಸುತ್ತಿದ್ದರು. ಬೈಸಿಕೊಂಡವನಿಗೂ ಒಂದು ಸಮಾಧಾನ. ಇಲ್ಲಿ ಬೈಗುಳವೇ ಇಲ್ಲ, ಬರೀ ಟೀ. ಚರ್ಚಿನ ಪಾದ್ರಿ, ನಮ್ಮ ಸುಮಾಳ ವಯಸ್ಸಿನ ಹೆಂಗಸು, ಬಂದು ನೋಡಿ ಬಹಳ ಮೃದುವಾಗಿ ಹೇಳಿದ್ದು ಇಷ್ಟು: ಈ ಚರ್ಚಿನಲ್ಲಿ ಒಂದು ಬೆಂಚು ಸರಿಸುವುದಕ್ಕೂ ಮೇಲಿನವರ ಅಪ್ಪಣೆ ಬೇಕು, ಕಲ್ಲಿನ ತಜ್ಞರು ಬರುವವರೆಗೆ ಹೊರಮೈಯನ್ನು ಯಾರೂ ಮುಟ್ಟುವುದು ಬೇಡ, ತೊಟ್ಟಿಯ ಒಳಗೆ ನೀರು ನಿಲ್ಲಲು ಹೊದಿಸಿದ ಸೀಸದ ತಗಡಿಗೆ ಏನೂ ಆಗಿಲ್ಲವಾದ್ದರಿಂದ ನಾಳೆಯ ಕಾರ್ಯ ನಡೆಯಲಿ. ಅಪ್ಪಣೆಯಿಲ್ಲದೆ ಮುಟ್ಟಬಾರದು ಎಂಬ ಮಾತನ್ನು ನಾನು ಆಫೀಸಿನಲ್ಲಿ ಇದಕ್ಕಿಂತ ಗಡುಸಾಗಿ ಹೇಳುತ್ತೇನೆ.

ಭಾನುವಾರ ಮನೆಯಲ್ಲೇ ಅಡಗಿ ಕೂರುವ ಯೋಚನೆಯಲ್ಲಿದ್ದೆ. ಡೊರೊಥಿಯವರೇ ಬಾಗಿಲು ತಟ್ಟಿ ಕರೆದುಕೊಂಡು ಹೋದರು. ಚರ್ಚಿನ ತುಂಬ ಎಳ್ಳೆಣ್ಣೆಯ ವಾಸನೆ. ಆರ್ಗನ್ ನುಡಿಸುವವರು, ಯಾರು ಚೈನೀಸ್ ಊಟ ತಂದವರು ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಮಗುವಿನ ನೆತ್ತಿಗೆ ನೀರು ಬಿತ್ತು, ಅದು ಚರ್ಚು ಹಾರಿಹೋಗುವಂತೆ ಅತ್ತಿತು, ಡೊರೊಥಿಯವರೂ ಅತ್ತರು. ನನಗೂ ಕಣ್ಣು ತುಂಬಿತು, ಆದರೆ ಅಳುವ ಹಕ್ಕು ನನಗಿರಲಿಲ್ಲ. ಆಮೇಲೆ ಅವರು ಎಲ್ಲರ ಮುಂದೆ ಕೋಲು ಊರಿ ನಿಂತು, "ಇವರ ದೇಶದಲ್ಲಿ ಪವಿತ್ರವಾದ ಕಲ್ಲಿಗೆ ಹೀಗೆ ಗೌರವ ಸಲ್ಲಿಸುತ್ತಾರೆ. ಮನೆಯಲ್ಲಿದ್ದ ಒಳ್ಳೆಯ ಎಣ್ಣೆಯನ್ನೇ ನಮ್ಮ ಮಗುವಿಗೋಸ್ಕರ ತಂದಿದ್ದಾರೆ" ಎಂದುಬಿಟ್ಟರು.

ಜನ ಸಾಲಾಗಿ ಬಂದು ನನ್ನ ಕೈ ಕುಲುಕಿದರು. ಒಬ್ಬರು ತಮ್ಮ ತಂದೆಯ ಸಮಾಧಿಯ ಕಲ್ಲನ್ನೂ ಬಿಡುವಾದಾಗ ನೋಡುತ್ತೀರಾ ಎಂದು ಕೇಳಿದರು. ಒಳ್ಳೆಯ ಎಣ್ಣೆ ಎಂಬುದು ನಿಜ, ಅದನ್ನು ಸುಮಾ ಇವತ್ತಿಗೂ ಎತ್ತಿ ಆಡುತ್ತಾಳೆ. ಗೌರವ ಎಂಬುದು ಮಾತ್ರ ಸುಳ್ಳು. ಎಣ್ಣೆ ಹಚ್ಚುವಾಗ ನನ್ನ ಮನಸ್ಸಿನಲ್ಲಿದ್ದದ್ದು ಬರೀ ಸೊಕ್ಕು, ಇವರಿಗೊಂದು ಪಾಠ ಕಲಿಸೋಣ ಎಂಬ ಸೊಕ್ಕು. ಅದು ಡೊರೊಥಿಯವರಿಗೂ ಗೊತ್ತಿತ್ತು ಎಂದೇ ನನ್ನ ಅನುಮಾನ. ಗೊತ್ತಿದ್ದೂ ಕಾಪಾಡಿದರು. ಅದನ್ನು ನೆನೆದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ಕೆಲವು ವಾರಗಳ ಮೇಲೆ ತಜ್ಞರು ಬಂದರು. ಮೃಗದ ಕಿವಿಯಿಂದ ಕಡಲೆಹಿಟ್ಟು ಬಿಡಿಸುವುದರಲ್ಲೇ ಅವರ ಮಧ್ಯಾಹ್ನ ಕಳೆಯಿತು. ಎಣ್ಣೆಯ ಕಲೆ ತಾನಾಗಿಯೇ ಮಾಸಬೇಕು, ಅದಕ್ಕೆ ಎಷ್ಟು ತಲೆಮಾರು ಬೇಕೋ ಹೇಳಲಾಗದು ಎಂದು ಹೊರಟುಹೋದರು. ಈಗ ಚರ್ಚು ನೋಡಲು ಬಂದವರನ್ನು ಊರವರು ಮೊದಲು ಆ ಕಪ್ಪು ಮುಖದ ಹತ್ತಿರಕ್ಕೇ ಕರೆದೊಯ್ಯುತ್ತಾರೆ. ಅಷ್ಟು ಚೆಂದದ ತೊಟ್ಟಿ ಕೆತ್ತಿದವನು ಯಾರೆಂದು ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎಣ್ಣೆ ಹಚ್ಚಿದವನ ಹೆಸರನ್ನು ಮಾತ್ರ ಚಿಕ್ಕ ಮಕ್ಕಳೂ ಹೇಳುತ್ತಾರೆ, ಅದೂ ಸರಿಯಾದ ಉಚ್ಚಾರದಲ್ಲಿ.