ತಲೆಯೆತ್ತದ ಹೊಡೆತ

ಕನ್ನಡಕದಂಗಡಿಯವರ ಬೆಳಗಿನ ಕಾಫಿ ಲೋಟದಲ್ಲೇ ಉಳಿದದ್ದು ಷಡ್ಡಕನ ಫೋನಿನಿಂದ.

"ಕೊಳಪ್ಪಾ, ಹಲ್ಲಿನ ಡಾಕ್ಟ್ರು ತೀರ್ಮಾನ ಮಾಡ್ಬಿಟ್ಟಿದ್ದಾರೆ. ಇವತ್ತು ನಿನ್ನ ಚೆಂಡು ಕೊಳ ದಾಟ್ಲಿಲ್ಲ ಅಂದ್ರೆ ಇನ್ಮೇಲೆ ನಿನಗೆ ಆಟ ಇಲ್ಲ. ಪಕ್ಕದಲ್ಲಿ ನಿಂತ್ಕೊಂಡು ನಮ್ಮ ಚೆಂಡು ಎಲ್ಲಿ ಬಿತ್ತು ಅಂತ ನೋಡ್ತಾ ಇರು. ಹೇಗಿದ್ರೂ ಕಣ್ಣಿನ ವ್ಯಾಪಾರ ತಾನೆ!"

ಕೊಳಪ್ಪ ಎಂಬುದು ಗಾಲ್ಫ್ ಮೈದಾನದಲ್ಲಿ ಬಂದ ಬಿರುದು. ಅಲ್ಲಿನ ಕೊಳದಲ್ಲಿ ಮೀನಿಗಿಂತ ಅವರ ಚೆಂಡುಗಳೇ ಹೆಚ್ಚು. ವಾರವಿಡೀ ಪರರ ಮೂಗಿನ ಮೇಲೆ ಗಾಜು ಕೂರಿಸುವ ಜೀವಕ್ಕೆ ಭಾನುವಾರದ ಆ ಆಟವೊಂದೇ ಸುಖ. ಅದೂ ಹೋದರೆ?

ಛತ್ರಿಯನ್ನೇ ಕೋಲು ಮಾಡಿಕೊಂಡು ನಡುಮನೆಯಲ್ಲಿ ಬೀಸತೊಡಗಿದರು. ಮೊದಲ ಬೀಸಿಗೆ ಪರದೆ ಹರಿಯಿತು. ಮರುಬೀಸಿಗೆ ಛತ್ರಿ ಬಿಚ್ಚಿಕೊಂಡು ಬಾವಲಿಯ ಹಾಗೆ ದೀಪಕ್ಕೆ ಜೋತುಬಿತ್ತು.

"ಸೊಂಟ ತಿರುಗಿಸಿ ಅಂದ್ರೆ ಮನೆನೇ ತಿರುಗಿಸ್ತಿದ್ದೀರಲ್ರೀ!" ಎಂದಳು ಹೆಂಡತಿ.

ಸದ್ದು ಕೇಳಿ ಮೇಲಿನ ಮನೆಯ ಪದ್ಯದಜ್ಜ ಇಳಿದು ಬಂದರು. ಬಾಗಿಲಿಗೆ ಬೀಗ ಹಾಕುವುದಕ್ಕೂ ಒಂದು ಪದ್ಯ ಹೇಳುವವರು ಅವರು.

"ಅಲ್ಲಯ್ಯಾ, ಹೊಡೆಯೋಕೆ ಮೊದಲೇ ಎಲ್ಲಿಗೆ ಹೋಯ್ತು ಅಂತ ತಲೆ ಎತ್ತಿದ್ರೆ ಕೋಲು ತಗಲೋದು ಹೇಗೆ? ಪದ್ಯ ಕಟ್ಕೊಡ್ತೀನಿ, ಹಿಡಿ. ಮೊದಲ ಸಾಲಿಗೆ ಎತ್ತಿ ಹೊಡಿ. ಎರಡನೇದು ಮುಗಿಯೋ ತನಕ ತಲೆ ಮಾತ್ರ ಎತ್ತಬೇಡ."

ಏರು ಮೆಲ್ಲನೆ ಮೋಡದಂತೆಯೆ ಬಾರೊ ಸಿಡಿಲಂತೆ
ತಲೆಯನೆತ್ತದೆ ಬಾಗಿ ನಿಂತವ ಮುಗಿಲ ಮುಟ್ಟುವನು

ಹೊರಡುವಾಗ ಹೆಂಡತಿ ಉಗುರುಬಣ್ಣದಿಂದ ಚೆಂಡಿಗೊಂದು ಕೆಂಪು ಬೊಟ್ಟಿಟ್ಟಳು. "ಕೊಳ ಬತ್ತಿದಾಗ ನಮ್ಮದೂಂತ ಗುರುತಿರ್ಲಿ."

ಮೈದಾನದಲ್ಲಿ ಜೊತೆಯಾಟದ ಡಾಕ್ಟರು, ವಕೀಲರು, ಷಡ್ಡಕ, ಮೂವರ ಚೆಂಡೂ ಕೊಳ ದಾಟಿದವು. ಕನ್ನಡಕದಂಗಡಿಯವರು ತಲೆಬಾಗಿ ನಿಂತು ಗುನುಗತೊಡಗಿದರು. ಪಾಪ, ದೇವರಿಗೆ ಮೊರೆಯಿಡುತ್ತಿದ್ದಾನೆ ಎಂದುಕೊಂಡ ಮೂವರೂ ಟೋಪಿ ತೆಗೆದು ಕಣ್ಮುಚ್ಚಿ ತಲೆ ತಗ್ಗಿಸಿದರು.

ಠಣ್!

ಪದ್ಯ ಮುಗಿಸಿ ಇವರು ತಲೆಯೆತ್ತಿದರೆ ಆಕಾಶ ಬರಿದು.

"ಎಲ್ಲಿಗೆ ಹೋಯ್ತು?"

"ನೀನು ಪ್ರಾರ್ಥನೆ ಮಾಡುವಾಗ ನಾವು ಕಣ್ಣು ಬಿಡೋದಾ? ಇನ್ನೆಲ್ಲಿಗೆ, ತವರಿಗೆ!" ಎಂದು ಷಡ್ಡಕ ಕೊಳದತ್ತ ಕೈ ತೋರಿಸಿದ.

"ಬುಳುಕ್ ಅನ್ನಲೇ ಇಲ್ವಲ್ಲ?"

"ಕೊಳಕ್ಕೂ ಅಭ್ಯಾಸ ಆಗಿರುತ್ತೆ ಬಿಡಿ," ಎಂದರು ವಕೀಲರು.

ಕೊಳ ಬಳಸಿ ಆಚೆ ನಡೆದರು. ವಕೀಲರ ಚೆಂಡು ಸಿಕ್ಕಿತು, ಷಡ್ಡಕನದು, ಡಾಕ್ಟರದು. ಎಲ್ಲಕ್ಕಿಂತ ಬಹು ಮುಂದೆ, ಹಸಿರಿನ ನಟ್ಟನಡುವೆ, ಇನ್ನೊಂದು ಚೆಂಡು ಕೆಂಪು ಬೊಟ್ಟಿಟ್ಟುಕೊಂಡು ಮದುಮಗಳ ಹಾಗೆ ಕೂತಿತ್ತು!

ಷಡ್ಡಕನ ಮುಖ ಹುಳಿ ಹಿಂಡಿದಂತಾಯಿತು. "ಹೇಗಯ್ಯಾ ಇದು?" ಎಂದರು ಡಾಕ್ಟರು. ಕನ್ನಡಕದಂಗಡಿಯವರು ಉಬ್ಬಿಹೋಗಿ ಪದ್ಯವನ್ನೆಲ್ಲ ಒಪ್ಪಿಸಿಬಿಟ್ಟರು. ಮೂವರೂ ಅಲ್ಲೇ ಬಾಯಿಪಾಠ ಮಾಡಿದರು.

"ಒಂದು ಮಾತು," ಎಂದರು ಡಾಕ್ಟರು. "ಆಗ ನಾವೂ ಕಣ್ಮುಚ್ಚಿ ತಲೆ ತಗ್ಗಿಸಿದ್ವಿ, ಅದಕ್ಕೇ ಹಾರಿದ್ದು. ಯಾರೇ ಹೊಡೆದ್ರೂ ಎಲ್ರೂ ಹಾಗೇ ಮಾಡ್ಬೇಕು. ಶಕುನ ಕೆಡಿಸಬಾರದು."

ಹಾಗೇ ಮಾಡಿದರು. ಠಣ್ ಎಂದು ಡಾಕ್ಟರ ಚೆಂಡು ಹೋಯಿತು, ಠಣ್ ಎಂದು ವಕೀಲರದು. ಎರಡೂ ಎಲ್ಲಿಗೆ ಹೋದವೋ ನೋಡಿದವರಿಲ್ಲ. ಪೊದೆ ಪೊದೆ ತಡಕಿದರೂ ಸಿಗಲಿಲ್ಲ.

"ಒಬ್ಬರಾದ್ರೂ ತಲೆಯೆತ್ತಿ ನೋಡ್ಲೇಬೇಕು," ಎಂದು ವಕೀಲರು ಬೆವರು ಒರೆಸಿಕೊಂಡರು.

ಮೂವರೂ ಒಟ್ಟಿಗೆ ಕನ್ನಡಕದಂಗಡಿಯವರ ಕಡೆ ತಿರುಗಿದರು.

"ನಾನು ಕೊಳ ದಾಟಿಸಿದ್ದೀನಲ್ಲ!"

"ಅದಕ್ಕೇ ಹೇಳಿದ್ದು," ಎಂದ ಷಡ್ಡಕ, ಅವರ ಕೋಲನ್ನು ಮೆಲ್ಲನೆ ಕೈಯಿಂದ ಬಿಡಿಸಿಕೊಳ್ಳುತ್ತ. "ನಿನಗೆ ಬಂದುಬಿಟ್ಟಿದೆ. ಕಲಿಯೋರು ನಾವು."

ಮೂರು ತಲೆಗಳು ಬಾಗಿದವು. ಪದ್ಯ ಶುರುವಾಯಿತು. ಅಜ್ಜನ ಪದ್ಯ ತಂದ ಕನ್ನಡಕದಂಗಡಿಯವರೊಬ್ಬರು ಮಾತ್ರ, ಹಣೆಗೆ ಕೈ ಅಡ್ಡ ಹಿಡಿದು, ತಲೆಯೆತ್ತಿ ಮುಗಿಲು ನೋಡುತ್ತ ನಿಂತರು.